ಗೋಲು ಹೊಡೆಯದವನ ಕತೆ

(ಕನ್ನಡ ಯುವಕರ ಕೂಟವೊಂದರಲ್ಲಿ ಆಡಿದ ಮಾತಿನ ಬರಹ ರೂಪ)



ಈ ಸಭೆಗೆ ಕರೆದವರು ನನಗೆ ಕೊಟ್ಟ ವಿಷಯ ‘ಭಾಷೆ ಮತ್ತು ಯುವಜನ’. ಈ ವಿಷಯದ ಮೇಲೆ ಭಾಷಣ ಕೇಳಿ ಕೇಳಿ ನಿಮಗೂ ಸಾಕಾಗಿದೆ, ಮಾಡಿ ಮಾಡಿ ನನಗೂ ಸಾಕಾಗಿದೆ. ಅದಕ್ಕೇ ಇವತ್ತು ಫುಟ್‌ಬಾಲ್ ಬಗ್ಗೆ ಮಾತಾಡುತ್ತೇನೆ. ಹಿಂದಿನ ಸಾಲಿನಲ್ಲಿ ಎದ್ದು ಹೋಗಲು ಅಣಿಯಾಗಿದ್ದವರು ಕೂತುಕೊಳ್ಳಬಹುದು.

ಫುಟ್‌ಬಾಲ್ ಅಂದ ಕೂಡಲೆ ನಿಮ್ಮ ಬಾಯಿಗೆ ಬರುವ ಹೆಸರು ಯಾವುದು? ಪೆಲೆ, ಮರಡೋನ, ಮೆಸ್ಸಿ, ರೊನಾಲ್ಡೊ. ಎಲ್ಲರೂ ಗೋಲು ಹೊಡೆದವರು. ನಮ್ಮ ಗೌತಮಪುರದಲ್ಲಿ ಪೆಲೆಯ ಪ್ರತಿಮೆಯನ್ನೇ ನಿಲ್ಲಿಸಿದ್ದಾರೆ. ಹಿಂದೆ ನಿಂತು ಗೋಲು ತಡೆಯುವವನ ಹೆಸರು ಯಾರಿಗೂ ಬೇಡ. ಅವನು ತೊಂಬತ್ತು ನಿಮಿಷ ಸರಿಯಾಗಿ ಆಡಿದರೆ ಮೈದಾನದಲ್ಲಿ ಏನೂ ಆಗುವುದಿಲ್ಲ. ಏನೂ ಆಗದಂತೆ ನೋಡಿಕೊಳ್ಳುವುದೇ ಅವನ ಕೆಲಸ. ಒಂದೇ ಒಂದು ಸಲ ಕಾಲು ಜಾರಿದರೆ ಮಾತ್ರ ಮರುದಿನ ಪತ್ರಿಕೆಯಲ್ಲಿ ಅವನ ಹೆಸರು ಬರುತ್ತದೆ. ಡಿಫೆಂಡರ್ ಆಗಿ ಆಡಿದವರು ನಿಮ್ಮಲ್ಲಿ ಯಾರಾದರೂ ಇದ್ದರೆ ಇದು ಗೊತ್ತಿರುತ್ತದೆ. ಎದುರಾಳಿ ಚೆಂಡು ಹಿಡಿದು ಬರುವಾಗ ಅವನು ಮೊದಲು ಮಾಡುವ ಕೆಲಸ ಓಡುವುದಲ್ಲ, ಎಣಿಸುವುದು. ಅವರೆಷ್ಟು ಜನ, ನಾವೆಷ್ಟು ಜನ ಎಂದು.

ಅಂಥ ಒಬ್ಬ ಡಿಫೆಂಡರ್ ಕತೆ ಇದು. ಹೆಸರು ಇನಾಶಿಯೊ ಕೊರ್ತಬಾರ್ರಿಯ. ನಾಲಿಗೆ ತೊಡರುತ್ತದೆ, ಗೊತ್ತು. ಆದರೆ ಈ ಹೆಸರಿನಲ್ಲೇ ಅರ್ಧ ಕತೆ ಇದೆ.

ಹುಟ್ಟಿದ್ದು 1950ರಲ್ಲಿ. ಊರು ಅರ್ರಾಸಾತೆ. ಸ್ಪೇನಿನ ಸರ್ಕಾರಿ ನಕಾಶೆಯಲ್ಲಿ ಅದು ಮೊಂದ್ರಾಗೋನ್. ಒಂದೇ ಊರಿಗೆ ಎರಡು ಹೆಸರು, ಜನ ಕರೆಯುವುದೊಂದು, ಕಚೇರಿ ಬರೆಯುವುದೊಂದು. ಬೆಳಗಾವಿ–ಬೆಲ್ಗಾಂ ಕಂಡ ನಮಗೆ ಇದನ್ನು ವಿವರಿಸಬೇಕಿಲ್ಲ. 1956ರಲ್ಲಿ ಒಬ್ಬ ಪಾದ್ರಿಯ ಒತ್ತಾಸೆಯಿಂದ ಕೆಲಸಗಾರರೇ ಕಾರ್ಖಾನೆ ಕಟ್ಟಿ, ಮುಂದೆ ಜಗತ್ತಿನ ದೊಡ್ಡ ಸಹಕಾರಿ ಸಂಸ್ಥೆಗಳಲ್ಲಿ ಒಂದನ್ನು ಬೆಳೆಸಿದ್ದು ಇದೇ ಊರಿನಲ್ಲಿ. ಅದು ಬೇರೆಯೇ ಒಂದು ಭಾಷಣದ ವಿಷಯ, ಬಿಡಿ.

ಈ ಊರಿರುವುದು ಗಿಪುಸ್ಕೋವಾ ಪ್ರಾಂತ್ಯದಲ್ಲಿ. ಸ್ಪೇನಿನ ಉತ್ತರ ತುದಿ, ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಫ್ರಾನ್ಸಿನ ಗಡಿ. ವಿಸ್ತೀರ್ಣದಲ್ಲಿ ನಮ್ಮ ಬೆಂಗಳೂರು ನಗರ ಜಿಲ್ಲೆಗಿಂತ ಸ್ವಲ್ಪ ಸಣ್ಣದು. ಜನಸಂಖ್ಯೆ ಏಳು ಲಕ್ಷದ ಆಸುಪಾಸು. ಇಂಥದೇ ಕೆಲವು ಪ್ರಾಂತ್ಯಗಳು ಸೇರಿ ಬಾಸ್ಕ್ ನಾಡು. ಸ್ವಲ್ಪ ಭಾಗ ಸ್ಪೇನಿನಲ್ಲಿ, ಸ್ವಲ್ಪ ಭಾಗ ಫ್ರಾನ್ಸಿನಲ್ಲಿ. 1956ಕ್ಕೆ ಮೊದಲು ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು ಎಂದು ಹರಿದು ಹಂಚಿಹೋಗಿದ್ದ ಕನ್ನಡ ನಾಡನ್ನು ನೆನೆಸಿಕೊಳ್ಳಿ. ಅಲ್ಲಿಯ ನುಡಿಯ ಹೆಸರು ಎಉಸ್ಕಾರ. ಯೂರೋಪಿನ ಬೇರೆ ಯಾವ ಭಾಷೆಗೂ ಅದು ನೆಂಟನಲ್ಲ. ಅಕ್ಕಪಕ್ಕದ ಸ್ಪಾನಿಷ್, ಫ್ರೆಂಚ್ ಎಲ್ಲ ಲ್ಯಾಟಿನ್ ಮಕ್ಕಳಾದರೆ ಇದೊಂದೇ ಒಂಟಿ.

ಆ ಮಗು ಹುಟ್ಟಿದಾಗ ಸ್ಪೇನನ್ನು ಆಳುತ್ತಿದ್ದವನು ಸರ್ವಾಧಿಕಾರಿ ಫ್ರಾಂಕೊ. ಒಂದು ದೇಶ, ಒಂದು ಭಾಷೆ ಎಂಬುದು ಅವನ ಆಡಳಿತದ ಮಂತ್ರ. ಶಾಲೆಯಲ್ಲಿ ಎಉಸ್ಕಾರ ಇಲ್ಲ. ಕಚೇರಿಯಲ್ಲಿ ಇಲ್ಲ. 1938ರ ಆಜ್ಞೆಯೊಂದರಂತೆ ಹುಟ್ಟಿದ ಮಗುವಿಗೆ ಬಾಸ್ಕ್ ಹೆಸರನ್ನು ಸರ್ಕಾರಿ ಪುಸ್ತಕದಲ್ಲಿ ಬರೆಸುವಂತೆಯೂ ಇಲ್ಲ. ಇನಾಶಿಯೊ ಎಂದರೆ ನೋಂದಣಿ ಇಲ್ಲ, ಇಗ್ನಾಸಿಯೊ ಎಂದರೆ ಉಂಟು. ಬಾಸ್ಕ್ ಬರವಣಿಗೆಯಲ್ಲಿ ಕೊರ್ತಬಾರ್ರಿಯ ಹೆಸರು ‘ಕೆ’ ಅಕ್ಷರದಿಂದ ಶುರುವಾಗುತ್ತದೆ. ಮ್ಯಾಡ್ರಿಡ್ ಪತ್ರಿಕೆಗಳು ಅದನ್ನು ‘ಸಿ’ ಅಕ್ಷರದಿಂದ ಬರೆಯುತ್ತಿದ್ದವು. ಆಟಗಾರರ ಪಟ್ಟಿಯಲ್ಲಿ ಒಂದು ಅಕ್ಷರ ನೋಡಿದರೆ ಸಾಕು, ಪತ್ರಿಕೆ ಯಾರದು ಎಂದು ತಿಳಿಯುತ್ತಿತ್ತು. ಮಕ್ಕಳಿಗೆ ತಮ್ಮ ನುಡಿಯ ಹೆಸರಿಡುವ ಹಕ್ಕು ಕಾನೂನಿನಲ್ಲಿ ಬಂದದ್ದು 1977ರ ಜನವರಿಯಲ್ಲಿ.

‘ಒಂದಕ್ಷರಕ್ಕೆ ಇಷ್ಟು ಗಲಾಟೆಯೇ’ ಎಂದು ನಗುವ ಪಂಡಿತರು ನಮ್ಮಲ್ಲೂ ಇದ್ದಾರೆ. ಬ್ಯಾಂಗಲೋರ್ ಎಂಬುದು ಇಂಗ್ಲಿಷಿನಲ್ಲೂ ಬೆಂಗಳೂರು ಆಗಲು 2014ರ ನವೆಂಬರ್ 1ರವರೆಗೆ ಕಾಯಬೇಕಾಯಿತು. ಅವತ್ತೂ ಇವರು ನಕ್ಕಿದ್ದರು.

ಈಗ ಆಟಕ್ಕೆ ಬರೋಣ. ಕೊರ್ತಬಾರ್ರಿಯ 1971ರಲ್ಲಿ ರಿಯಲ್ ಸೊಸಿಯೆದಾದ್ ತಂಡಕ್ಕೆ ಬಂದ. ಅದು ಗಿಪುಸ್ಕೋವಾದ ರಾಜಧಾನಿಯ ತಂಡ. ಆ ಊರಿಗೂ ಎರಡು ಹೆಸರು: ಸಾನ್ ಸೆಬಾಸ್ಟಿಯನ್ ಮತ್ತು ದೊನೊಸ್ತಿಯ. ಮೈದಾನದ ಹೆಸರು ಅತೊಚ. ಹಣ್ಣು ತರಕಾರಿ ಮಾರುಕಟ್ಟೆಯ ಪಕ್ಕದಲ್ಲಿ ಇಕ್ಕಟ್ಟಾದ ಜಾಗ. ಮಳೆ ಬಂದರೆ ಕೆಸರು, ಅಲ್ಲಿ ಮಳೆಯೂ ಜಾಸ್ತಿ. ಅಲ್ಲಿ ಒಂದು ಪದ್ಧತಿ ಇತ್ತು. ಗೋಲು ಆದಾಗ ಆಕಾಶಕ್ಕೆ ರಾಕೆಟ್ ಪಟಾಕಿ ಹಾರಿಸುತ್ತಿದ್ದರು. ತಮ್ಮ ತಂಡದ ಗೋಲಿಗೆ ಎರಡು, ಎದುರಾಳಿಯ ಗೋಲಿಗೆ ಒಂದು. ಸಮುದ್ರದಲ್ಲಿ ಮೀನು ಹಿಡಿಯುತ್ತಿದ್ದ ದೋಣಿಯವರಿಗೂ ಎಷ್ಟು ಗೋಲಾಯಿತು ಎಂದು ತಿಳಿಯಬೇಕಲ್ಲ! ಒಂದು ಸದ್ದಾದ ಮೇಲೆ ಎರಡನೆಯದು ಬರುತ್ತದೋ ಇಲ್ಲವೋ ಎಂದು ಇಡೀ ಊರು ಉಸಿರು ಹಿಡಿದು ಕಾಯುತ್ತಿತ್ತಂತೆ.

ಆ ತಂಡದಲ್ಲಿ ಆಗ ಬಾಸ್ಕ್ ನಾಡಿನ ಹುಡುಗರಿಗೆ ಮಾತ್ರ ಜಾಗ. ಪಕ್ಕದ ಬಿಲ್ಬಾವೊ ಊರಿನ ಅಥ್ಲೆಟಿಕ್ ತಂಡದಲ್ಲೂ ಅದೇ ನಿಯಮ, ಅಲ್ಲಿ ಇಂದಿಗೂ ಇದೆ. ಈ ಎರಡು ತಂಡಗಳು ಅಣ್ಣತಮ್ಮಂದಿರೂ ಹೌದು, ಬದ್ಧ ವೈರಿಗಳೂ ಹೌದು.

1975ರ ನವೆಂಬರ್ 20ರಂದು ಫ್ರಾಂಕೊ ಸತ್ತ. ಸರ್ವಾಧಿಕಾರಿ ಸತ್ತರೂ ಅವನ ಪೊಲೀಸರು, ಅವನ ಕಾನೂನು ಹಾಗೇ ಉಳಿದವು. 1976ರ ಮಾರ್ಚ್ 3ರಂದು ಬಾಸ್ಕ್ ನಾಡಿನ ಗಸ್ತೆಯಿಸ್ ಊರಿನಲ್ಲಿ ಮುಷ್ಕರ ಹೂಡಿದ್ದ ಕಾರ್ಮಿಕರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಐವರು ಸತ್ತರು. ಬಾಸ್ಕ್ ಬಾವುಟಕ್ಕೆ ಇಕುರಿನ್ಯಾ ಎನ್ನುತ್ತಾರೆ. ಕೆಂಪು ಬಟ್ಟೆ, ಅದರ ಮೇಲೆ ಹಸಿರು ಓರೆಗೆರೆಗಳು, ಅದರ ಮೇಲೆ ಬಿಳಿ ಶಿಲುಬೆ. ಅದನ್ನು ಎತ್ತಿ ಹಿಡಿಯುವುದು ಆಗಿನ್ನೂ ಅಪರಾಧ.

ಅದೇ ವರ್ಷದ ಡಿಸೆಂಬರ್ 5. ಅತೊಚ ಮೈದಾನದಲ್ಲಿ ರಿಯಲ್ ಸೊಸಿಯೆದಾದ್‌ಗೂ ಅಥ್ಲೆಟಿಕ್‌ಗೂ ಪಂದ್ಯ. ರಿಯಲ್ ತಂಡದಲ್ಲಿ ಉರಂಗ ಎಂಬ ಆಟಗಾರನಿದ್ದ. ಅವತ್ತು ಅವನು ಆಡುವ ಪಟ್ಟಿಯಲ್ಲಿ ಇರಲಿಲ್ಲ. ಅವನ ಅಕ್ಕತಂಗಿಯರಲ್ಲಿ ಒಬ್ಬಾಕೆ ಮನೆಯಲ್ಲಿ ಕೂತು ಒಂದು ಇಕುರಿನ್ಯಾ ಹೊಲಿದಿದ್ದಳು. ಉರಂಗ ಅದನ್ನು ಪೊಲೀಸರ ಕಣ್ಣು ತಪ್ಪಿಸಿ ಮೈದಾನದ ಒಳಕ್ಕೆ ತಂದ. ರಿಯಲ್ ತಂಡದ ನಾಯಕ ಕೊರ್ತಬಾರ್ರಿಯ. ಅಥ್ಲೆಟಿಕ್ ತಂಡದ ನಾಯಕ ಗೋಲ್‌ಕೀಪರ್ ಇರಿಬಾರ್. ಇರಿಬಾರ್ ಅಂದರೆ ಸಾಮಾನ್ಯನಲ್ಲ. 1964ರಲ್ಲಿ ಯೂರೋಪ್ ಕಪ್ ಗೆದ್ದ ಸ್ಪೇನ್ ತಂಡದ ಗೋಲಿ. ಸ್ಪೇನಿಗಾಗಿ 49 ಪಂದ್ಯ ಆಡಿದವನು. ಅವನ ಹುಟ್ಟೂರೂ ಗಿಪುಸ್ಕೋವಾದ್ದೇ.

ಕೊರ್ತಬಾರ್ರಿಯ ಎದುರಾಳಿಗಳ ಕೋಣೆಗೆ ಹೋಗಿ ಇರಿಬಾರ್ ಜೊತೆ ಮಾತಾಡಿದ. ಇರಿಬಾರ್ ತನ್ನ ಹುಡುಗರನ್ನು ಕೇಳಿದ. ಎಲ್ಲರೂ ಒಪ್ಪಿದರೆ ಮಾತ್ರ, ಒಬ್ಬ ಬೇಡ ಅಂದರೂ ಇಲ್ಲ. ಎಲ್ಲರೂ ಒಪ್ಪಿದರು. ಆಮೇಲೆ ಎರಡೂ ತಂಡಗಳು ಸಾಲಾಗಿ ಹೊರಗೆ ಬಂದವು. ಮುಂದೆ ಇಬ್ಬರು ನಾಯಕರು, ಇಬ್ಬರ ನಡುವೆ ಬಾವುಟ, ಒಂದು ತುದಿ ಇವನ ಕೈಯಲ್ಲಿ, ಒಂದು ತುದಿ ಅವನ ಕೈಯಲ್ಲಿ. ಮೈದಾನದ ನಡುವೃತ್ತದವರೆಗೆ ನಡೆದು ಹೋಗಿ ಅದನ್ನು ನೆಲದ ಮೇಲೆ ಹಾಸಿದರು. ಪೊಲೀಸರು ಒಳಕ್ಕೆ ನುಗ್ಗಲಿಲ್ಲ. ಸಾವಿರಾರು ಜನರ ಎದುರಿಗೆ ಇಪ್ಪತ್ತೆರಡು ಆಟಗಾರರನ್ನು ಹಿಡಿದು ಎಳೆದೊಯ್ಯುವುದು ಹೇಗೆ?

ಗಮನಿಸಿ, ಗೆಳೆಯರೇ. ಅವತ್ತು ಘೋಷಣೆ ಇಲ್ಲ. ಭಾಷಣ ಇಲ್ಲ. ಯಾರ ಅಂಗಡಿಯ ಗಾಜೂ ಒಡೆಯಲಿಲ್ಲ. ಬಾವುಟ ಇಟ್ಟಾದ ಮೇಲೆ ಅವರು ಏನು ಮಾಡಿದರು? ಆಡಿದರು. ರಿಯಲ್ ತಂಡ ಅಥ್ಲೆಟಿಕ್‌ಗೆ 5–0 ಬಾರಿಸಿತು! ಒಟ್ಟಿಗೆ ಬಾವುಟ ಹಿಡಿದೆವಲ್ಲ ಎಂದು ಯಾರೂ ಯಾರಿಗೂ ಗೋಲು ಬಿಟ್ಟುಕೊಡಲಿಲ್ಲ. ಇದು ನನಗೆ ಬಹಳ ಹಿಡಿಸುವ ವಿಷಯ. ಸರಿಯಾಗಿ 45 ದಿನಕ್ಕೆ, 1977ರ ಜನವರಿ 19ರಂದು, ಸ್ಪೇನ್ ಸರ್ಕಾರ ಆ ಬಾವುಟದ ಮೇಲಿನ ನಿಷೇಧ ತೆಗೆಯಿತು. ಒಂದು ಪಂದ್ಯದಿಂದಲೇ ಆಯಿತು ಎನ್ನುವುದು ಸುಳ್ಳಾದೀತು. ಬೀದಿಯಲ್ಲಿ ಸಾವಿರಾರು ಜನ ಹೋರಾಡುತ್ತಿದ್ದರು. ಆದರೆ ಆ ಚಿತ್ರ ಇಲ್ಲದೆ ಆ ಹೋರಾಟದ ಚರಿತ್ರೆ ಬರೆಯಲಿಕ್ಕಾಗುವುದಿಲ್ಲ.

ನಮ್ಮ ಅರಿಸಿನ ಕುಂಕುಮದ ಬಾವುಟವನ್ನು ಮ. ರಾಮಮೂರ್ತಿ ರೂಪಿಸಿದ್ದು 1960ರ ದಶಕದಲ್ಲಿ. ಅದನ್ನು ಹಿಡಿದರೆ ಯಾರೂ ನಮ್ಮನ್ನು ಜೈಲಿಗೆ ಹಾಕುವುದಿಲ್ಲ. ಆಟೋ ಮೇಲೆ, ಬಸ್ ನಿಲ್ದಾಣದಲ್ಲಿ, ಬಾರಿನ ಮುಂದೆ, ಎಲ್ಲೆಲ್ಲೂ ಇದೆ. ಅಷ್ಟು ಸುಲಭವಾಗಿ ಸಿಕ್ಕಿದ್ದರಿಂದಲೋ ಏನೋ, ಬಾವುಟ ಕಟ್ಟಿದರೆ ಕೆಲಸ ಮುಗಿಯಿತು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಕೊರ್ತಬಾರ್ರಿಯ ಕತೆ ಅಲ್ಲಿಗೆ ಮುಗಿಯುವುದಿಲ್ಲ. ಬಾವುಟದ ನಡಿಗೆ ಎರಡು ಮೂರು ನಿಮಿಷದ್ದು. ಅವನು ಆ ತಂಡಕ್ಕೆ ಆಡಿದ್ದು ಹದಿನಾಲ್ಕು ವರ್ಷ.

1976–77ರಲ್ಲಿ ಅವನು ಸ್ಪೇನ್ ದೇಶದ ತಂಡದಲ್ಲಿ ನಾಲ್ಕು ಪಂದ್ಯ ಆಡಿದ. ಆಮೇಲೆ, ಇನ್ನು ನನ್ನನ್ನು ಕರೆಯಬೇಡಿ ಎಂದ. ಯೋಚಿಸಿ, ವಯಸ್ಸು ಇಪ್ಪತ್ತೇಳರ ಆಸುಪಾಸು. ಡಿಫೆಂಡರ್‌ಗೆ ಅದು ಅರಳುವ ವಯಸ್ಸು. 1978ರ ವಿಶ್ವಕಪ್ ಮುಂದಿತ್ತು. 1982ರ ವಿಶ್ವಕಪ್ ಸ್ಪೇನಿನಲ್ಲೇ ನಡೆಯಿತು, ಅವನ ಮನೆ ಬಾಗಿಲಿಗೇ ಬಂತು. ಎರಡನ್ನೂ ಬಿಟ್ಟ. ಗಾಯವಾಗಿದೆ ಎಂದು ನೆಪ ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಅದನ್ನೂ ಮಾಡಲಿಲ್ಲ.

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ನಾಳೆ ಯಾರೋ ಒಬ್ಬ, ‘ಭಾರತದ ಅಂಗಿ ತೊಡಬೇಡಿ ಎಂದು ಭಾಷಣ ಬಿಗಿದರು’ ಎಂದು ಬರೆದುಬಿಟ್ಟಾನು. ಹಾಗೆ ನಾನು ಹೇಳುತ್ತಿಲ್ಲ. ಅವನ ಎದುರಿಗೆ ಇದ್ದದ್ದು ಅವನ ಹೆಸರನ್ನೇ ಅಳಿಸಿದ ರಾಜ್ಯ. ನಮಗೆ ಸಂವಿಧಾನ ಇದೆ, ನಮ್ಮ ನುಡಿಗೆ ಅದರ ಎಂಟನೇ ಪಟ್ಟಿಯಲ್ಲಿ ಜಾಗ ಇದೆ, ನಮ್ಮ ಹೆಸರಿನ ರಾಜ್ಯ ಇದೆ. ನಮ್ಮ ಜಗಳ ಒಕ್ಕೂಟದ ಒಳಗಿನ ಪಾಲಿನ ಜಗಳ. ಅವನಿಂದ ನಾವು ಕಲಿಯಬೇಕಾದ್ದು ಏನನ್ನು ಬಿಟ್ಟ ಎಂಬುದನ್ನಲ್ಲ, ಬಿಟ್ಟಾದ ಮೇಲೆ ಹೇಗೆ ನಡೆದುಕೊಂಡ ಎಂಬುದನ್ನು.

ಹೇಗೆ ನಡೆದುಕೊಂಡ? ಅದೇ ತಂಡದಲ್ಲಿ ಅವನ ಬೆನ್ನ ಹಿಂದೆ ನಿಲ್ಲುತ್ತಿದ್ದ ಗೋಲ್‌ಕೀಪರ್ ಲೂಯಿಸ್ ಅರ್ಕೊನಾದ. ಅವನು ಸ್ಪೇನ್ ತಂಡಕ್ಕೂ ಆಡಿದ, 1982ರ ವಿಶ್ವಕಪ್‌ನಲ್ಲಿ ಸ್ಪೇನಿನ ನಾಯಕನೂ ಆದ. ಸಮೊರ, ಅಲೊನ್ಸೊ, ಸತ್ರುಸ್ತೆಗಿ, ಲೋಪೆಸ್ ಉಫಾರ್ತೆ, ಎಲ್ಲರೂ ಹೋದರು. ಒಬ್ಬ ಹೋಗಲೊಲ್ಲೆ ಎಂದವನು, ಇನ್ನೊಬ್ಬ ನಾಯಕನಾಗಿ ಹೋದವನು. ವಾರ ವಾರ ಇಬ್ಬರೂ ಒಂದೇ ಗೋಲು ಕಾದರು. ತಂಡ ಒಡೆಯಲಿಲ್ಲ. 1980, 81, 82, ಮೂರು ವರ್ಷ ಸಾಲಾಗಿ ಸ್ಪೇನಿನಲ್ಲಿ ಅತಿ ಕಡಿಮೆ ಗೋಲು ಬಿಟ್ಟ ಗೋಲಿ ಎಂಬ ಪ್ರಶಸ್ತಿ ಅರ್ಕೊನಾದನಿಗೆ ಬಂತು. ಗೋಲಿಗೆ ಪ್ರಶಸ್ತಿ ಉಂಟು, ಅವನ ಮುಂದೆ ಗೋಡೆಯಾಗಿ ನಿಂತವರಿಗೆ ಇಲ್ಲ. ನಮ್ಮಲ್ಲಿ ವೇದಿಕೆಯ ಮೇಲೆ ಯಾರ ಕುರ್ಚಿ ಎಲ್ಲಿ ಎಂಬ ವಿಷಯಕ್ಕೆ ಒಂದು ಸಂಘಟನೆ ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ನಾಲ್ಕಕ್ಕೂ ಲೆಟರ್‌ಹೆಡ್ ಬೇರೆ, ರಬ್ಬರ್ ಸ್ಟಾಂಪು ಬೇರೆ. ನಗಬೇಡಿ, ನಿಮ್ಮಲ್ಲೇ ಮೂರು ಬಣದವರು ಇಲ್ಲಿ ಕೂತಿದ್ದೀರಿ.

ಆ ತಂಡದ ಆಟದ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. ತರಬೇತುದಾರ ಒರ್ಮಯೆಚೆಯ, ಅವನೂ ಅದೇ ಮಣ್ಣಿನವನು. 1979–80ರ ಲೀಗಿನಲ್ಲಿ 34 ಪಂದ್ಯ. 32 ಪಂದ್ಯದವರೆಗೆ ಈ ತಂಡ ಸೋಲಲೇ ಇಲ್ಲ. 33ನೆಯದರಲ್ಲಿ ಸೆವಿಯಾ ಊರಿನಲ್ಲಿ 2–1ರಿಂದ ಸೋತಿತು. ಒಂದೇ ಒಂದು ಪಾಯಿಂಟಿನಿಂದ ಕಪ್ಪು ರಿಯಲ್ ಮ್ಯಾಡ್ರಿಡ್ ಪಾಲಾಯಿತು. ಇಡೀ ವರ್ಷ ಒಂದೇ ಸೋಲು, ಅದೇ ಸೋಲಿಗೆ ಎಲ್ಲ ಹೋಯಿತು. ಬೇರೆ ತಂಡವಾಗಿದ್ದರೆ ಆಟಗಾರರನ್ನು ಮಾರಿ ಹೊರಗಿನಿಂದ ಹೊಸಬರನ್ನು ಕೊಳ್ಳುತ್ತಿತ್ತು. ಇವರ ನಿಯಮದಲ್ಲಿ ಹೊರಗಿನಿಂದ ಕೊಳ್ಳುವ ಹಾಗೇ ಇರಲಿಲ್ಲ. ಅದೇ ಹುಡುಗರೇ ಮರುವರ್ಷ ಮತ್ತೆ ಕೆಸರಿಗಿಳಿದರು.

1981ರ ಏಪ್ರಿಲ್ 26. ಕೊನೆಯ ಪಂದ್ಯ, ಹಿಹೋನ್ ಊರಿನಲ್ಲಿ. ಡ್ರಾ ಆದರೂ ಸಾಕು, ಲೀಗು ಇವರದು. ಮೊದಲ ಗೋಲು ಪೆನಾಲ್ಟಿಯಲ್ಲಿ ಬಂತು. ಹೊಡೆದವನು ನಮ್ಮ ಕೊರ್ತಬಾರ್ರಿಯ. ಈ ಭಾಷಣಕ್ಕೆ ಕೊಟ್ಟ ತಲೆಬರಹ ಸುಳ್ಳಾಯಿತು, ಇರಲಿ. ಆಮೇಲೆ ಹಿಹೋನ್ ತಂಡ ಎರಡು ಗೋಲು ಹಾಕಿ ಮುಂದೆ ಹೋಯಿತು. ಅತ್ತ ರಿಯಲ್ ಮ್ಯಾಡ್ರಿಡ್ ತನ್ನ ಪಂದ್ಯ ಗೆದ್ದು ಕಪ್ಪು ನಮ್ಮದೇ ಎಂದು ಕುಣಿಯಲು ಶುರುಮಾಡಿತ್ತು. ಇನ್ನೇನು ಸೀಟಿ ಊದಬೇಕು ಎನ್ನುವ ಹೊತ್ತಿಗೆ ಸಮೊರನ ಕಾಲಿನಿಂದ ಚೆಂಡು ಬಲೆ ಸೇರಿತು. 2–2. ಎರಡೂ ತಂಡಕ್ಕೆ 45 ಪಾಯಿಂಟು. ಪರಸ್ಪರ ಆಡಿದ ಪಂದ್ಯಗಳ ಲೆಕ್ಕದಲ್ಲಿ ಇವರೇ ಮುಂದೆ. ಬೆಂಗಳೂರು ಜಿಲ್ಲೆಯಷ್ಟೂ ಇಲ್ಲದ ಪ್ರಾಂತ್ಯದ, ಅಲ್ಲೇ ಸುತ್ತಮುತ್ತ ಬೆಳೆದ ಹುಡುಗರ ತಂಡ ಮೊದಲ ಸಲ ಸ್ಪೇನಿನ ಚಾಂಪಿಯನ್ ಆಯಿತು. ಮರುವರ್ಷ 1982ರ ಏಪ್ರಿಲ್ 25ರಂದು ಅತೊಚದಲ್ಲೇ ಅಥ್ಲೆಟಿಕ್ ತಂಡವನ್ನು 2–1ರಿಂದ ಸೋಲಿಸಿ ಮತ್ತೆ ಗೆದ್ದರು. ಅದರ ಮುಂದಿನ ಋತುವಿನಲ್ಲಿ ಯೂರೋಪಿನ ದೊಡ್ಡ ಕಪ್ಪಿನ ಸೆಮಿಫೈನಲ್‌ವರೆಗೆ ಹೋಗಿ ಜರ್ಮನಿಯ ಹ್ಯಾಂಬರ್ಗ್‌ಗೆ ಒಂದೇ ಗೋಲಿನ ಅಂತರದಲ್ಲಿ ಸೋತರು. ಕಪ್ಪು ಹ್ಯಾಂಬರ್ಗ್‌ಗೇ ಹೋಯಿತು.

ಕೊರ್ತಬಾರ್ರಿಯ 1985ರಲ್ಲಿ ಆಟ ಬಿಟ್ಟ. 442 ಪಂದ್ಯ, ಎಲ್ಲವೂ ಒಂದೇ ಅಂಗಿಯಲ್ಲಿ. ಅವನು ಹೋದ ನಾಲ್ಕು ವರ್ಷಕ್ಕೆ, 1989ರಲ್ಲಿ, ರಿಯಲ್ ತಂಡ ತನ್ನ ನಿಯಮ ಬಿಟ್ಟು ಲಿವರ್‌ಪೂಲ್‌ನಿಂದ ಆಲ್ಡ್ರಿಜ್ ಎಂಬ ಆಟಗಾರನನ್ನು ಕೊಂಡಿತು. ತಪ್ಪೋ ಸರಿಯೋ ಎಂದು ಅಲ್ಲಿಯವರು ಇನ್ನೂ ವಾದ ಮಾಡುತ್ತಾರೆ. ನನಗೆ ಕೇಳಿದರೆ ‘ನಮ್ಮವರು ಮಾತ್ರ’ ಎನ್ನುವ ನಿಯಮಕ್ಕಿಂತ ‘ನಮ್ಮವರು’ ಅಂದರೆ ಯಾರು ಎನ್ನುವ ಪ್ರಶ್ನೆ ದೊಡ್ಡದು. ಆ ಚಾಂಪಿಯನ್ ತಂಡದ ಎಡಗಾಲಿನ ಮಾಂತ್ರಿಕ ಲೋಪೆಸ್ ಉಫಾರ್ತೆ ಹುಟ್ಟಿದ್ದು ಆಫ್ರಿಕದ ಮೊರಾಕ್ಕೊದಲ್ಲಿ. ಬೆಳೆದದ್ದು ಬಾಸ್ಕ್ ನಾಡಿನಲ್ಲಿ. ಅವನನ್ನು ಯಾರೂ ಹೊರಗಿನವ ಅನ್ನಲಿಲ್ಲ.

ಇದನ್ನು ಯಾಕೆ ಒತ್ತಿ ಹೇಳುತ್ತೇನೆ? ಬೆಂಗಳೂರಿನಲ್ಲಿ ಫುಟ್‌ಬಾಲ್ ಬೆಳೆದದ್ದು ದಂಡು ಪ್ರದೇಶದಲ್ಲಿ. ಆಸ್ಟಿನ್ ಟೌನ್, ಗೌತಮಪುರ, ಮರ್ಫಿ ಟೌನ್ ಕಡೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಸ್ವತಂತ್ರ ಭಾರತದ ಗೋಲು ಹೊಡೆದ ರಾಮನ್ ಬೆಂಗಳೂರಿನವನು. ಅಹಮದ್ ಖಾನ್, ಧನರಾಜ್ ಬೆಂಗಳೂರಿನವರು. ಆ ಬೀದಿಗಳ ಹುಡುಗರಲ್ಲಿ ಎಷ್ಟೋ ಜನ ಮನೆಯಲ್ಲಿ ತಮಿಳು, ಉರ್ದು ಆಡುತ್ತಾರೆ. ಅವರನ್ನು ‘ನೀವು ನಮ್ಮವರಲ್ಲ’ ಎಂದು ದೂರ ಇಟ್ಟ ದಿನ ಕನ್ನಡಕ್ಕೆ ನಾವೇ ಸೆಲ್ಫ್ ಗೋಲು ಹೊಡೆದ ಹಾಗೆ. ಅವರಿಗೆ ಕನ್ನಡ ಕಲಿಸಿದವರೆಷ್ಟು, ಅವರ ಮೇಲೆ ಕಲ್ಲೆಸೆದವರೆಷ್ಟು, ಎದೆ ಮುಟ್ಟಿಕೊಂಡು ಹೇಳಿ.

ಈಗ ನುಡಿಯ ವಿಷಯ. ಬಾವುಟಕ್ಕೆ ಮಾನ್ಯತೆ ಸಿಕ್ಕಿತು, ಕಪ್ಪು ಬಂತು, ಸರಿ. ಎಉಸ್ಕಾರ ಏನಾಯಿತು? ಅದನ್ನು ಉಳಿಸಿದವರು ಬೇರೆಯೇ ಜನ. ಫ್ರಾಂಕೊ ಕಾಲದಲ್ಲೇ, 1940ರ ದಶಕದಲ್ಲಿ, ಎಲ್ಬಿರ ಸಿಪಿತ್ರಿಯ ಎಂಬ ಶಿಕ್ಷಕಿ ದೊನೊಸ್ತಿಯದ ಮನೆಗಳಲ್ಲಿ ಗುಟ್ಟಾಗಿ ಮಕ್ಕಳಿಗೆ ತಾಯ್ನುಡಿಯಲ್ಲಿ ಪಾಠ ಹೇಳಿದಳು. ಇಂಥ ಶಾಲೆಗಳಿಗೆ ಇಕಸ್ತೋಲ ಎನ್ನುತ್ತಾರೆ. ತಂದೆತಾಯಿಗಳು ದುಡ್ಡು ಹಾಕಿ ಒಂದೊಂದಾಗಿ ಕಟ್ಟಿದರು. 1968ರಲ್ಲಿ ವಿದ್ವಾಂಸರು ಅರಾನ್ಸಸು ಎಂಬಲ್ಲಿ ಸೇರಿ, ಊರೂರಿಗೆ ಬೇರೆಯಾಗಿದ್ದ ನುಡಿಗೆ ಒಂದು ಸಾಮಾನ್ಯ ಬರಹ ರೂಪ ಕೊಡಲು ಹೊರಟರು. ಅಲ್ಲಿ ‘ಹ’ ಅಕ್ಷರ ಬೇಕೋ ಬೇಡವೋ ಎಂಬುದಕ್ಕೆ ವರ್ಷಗಟ್ಟಲೆ ಕುಸ್ತಿ ನಡೆಯಿತು! ಡಿ.ಎನ್. ಶಂಕರ ಭಟ್ಟರು ಮಹಾಪ್ರಾಣ ಬೇಡ ಎಂದಾಗ ನಮ್ಮಲ್ಲಿ ಎದ್ದ ಧೂಳು ನೆನಪಿದೆಯಲ್ಲ, ಹಾಗೆಯೇ. ಆದರೆ ಕುಸ್ತಿ ಮುಗಿದ ಮೇಲೆ ಅವರು ಪಠ್ಯಪುಸ್ತಕ ಬರೆದರು.

1979ರಲ್ಲಿ ಅಲ್ಲಿಗೆ ಸ್ವಾಯತ್ತ ಆಡಳಿತ ಬಂತು. 1982ರಲ್ಲಿ ಎಉಸ್ಕಾರ ಬಳಕೆಯ ಕಾನೂನು ಬಂತು. ಇಲ್ಲಿ ಗೋಕಾಕ್ ಚಳವಳಿ, ಡಾ. ರಾಜ್‌ಕುಮಾರ್ ಬೀದಿಗಿಳಿದದ್ದು, ಅದೂ 1982. ಒಂದೇ ವರ್ಷ. ಆಮೇಲೆ ದಾರಿ ಬೇರೆಯಾಯಿತು. ಅಲ್ಲಿ ತಂದೆತಾಯಿಗಳ ಮುಂದೆ ಮೂರು ಬಗೆಯ ಶಾಲೆ ಇಟ್ಟರು: ಸ್ಪಾನಿಷ್‌ನಲ್ಲಿ ಕಲಿಯುವುದು, ಎರಡರಲ್ಲೂ ಕಲಿಯುವುದು, ಪೂರ್ತಿ ಎಉಸ್ಕಾರದಲ್ಲೇ ಕಲಿಯುವುದು. ಬಲವಂತ ಇಲ್ಲ, ಆಯ್ಕೆ ನಿಮ್ಮದು. ವರ್ಷಗಳು ಕಳೆದಂತೆ ಬಹುಪಾಲು ಜನ ಮೂರನೆಯದನ್ನೇ ಆರಿಸಿಕೊಂಡರು, ಮನೆಯಲ್ಲಿ ಸ್ಪಾನಿಷ್ ಆಡುವವರೂ ಕೂಡ. ಕಾರಣ, ಆ ಶಾಲೆಗಳು ಚೆನ್ನಾಗಿದ್ದವು. ನಮ್ಮಲ್ಲಿ ಕಡ್ಡಾಯ ಎಂದು ಆಜ್ಞೆ ಹೊರಡಿಸಿ ನೆಮ್ಮದಿಯಿಂದ ಕೂತೆವು. 2014ರ ಮೇ 6ರಂದು ಸುಪ್ರೀಂ ಕೋರ್ಟು, ಮಾಧ್ಯಮದ ಆಯ್ಕೆ ಪೋಷಕರದು, ರಾಜ್ಯ ಬಲವಂತ ಮಾಡುವಂತಿಲ್ಲ ಎಂದಿತು. ತೀರ್ಪನ್ನು ಎಷ್ಟು ಬೇಕಾದರೂ ಬೈಯಿರಿ, ನಾನೂ ಬೈದಿದ್ದೇನೆ. ಆದರೆ ಅದೇ ಪೋಷಕರು ತಾವಾಗಿ ಆರಿಸಿಕೊಳ್ಳುವಂಥ ಎಷ್ಟು ಕನ್ನಡ ಶಾಲೆಗಳನ್ನು ನಾವು ಕಟ್ಟಿದ್ದೇವೆ?

ಅಲ್ಲೂ ಎಲ್ಲ ಸುಖವಾಗಿ ನಡೆಯಲಿಲ್ಲ. ಬಂದೂಕಿನ ದಾರಿ ಹಿಡಿದ ಇಟಿಎ ಎಂಬ ಗುಂಪು ಎಂಟುನೂರಕ್ಕೂ ಹೆಚ್ಚು ಜನರನ್ನು ಕೊಂದಿತು. 2018ರಲ್ಲಿ ತಾನೇ ವಿಸರ್ಜನೆಯಾಯಿತು. ಆ ರಕ್ತದ ಕಲೆ ನುಡಿಯ ಮೇಲೂ ಬಿತ್ತು. ಎಉಸ್ಕಾರ ಅಂದರೆ ಭಯೋತ್ಪಾದಕರ ಭಾಷೆ ಎನ್ನಲು ಮ್ಯಾಡ್ರಿಡ್‌ನವರಿಗೆ ನೆಪ ಸಿಕ್ಕಿತು. 2003ರಲ್ಲಿ ಪೂರ್ತಿ ಎಉಸ್ಕಾರದಲ್ಲಿ ಬರುತ್ತಿದ್ದ ಒಂದೇ ದಿನಪತ್ರಿಕೆ ‘ಎಗುಂಕಾರಿಯ’ವನ್ನು ಕೋರ್ಟಿನ ಆಜ್ಞೆಯಿಂದ ಮುಚ್ಚಿಸಿದರು, ಸಂಪಾದಕನನ್ನು ಹಿಡಿದೊಯ್ದರು. ಏಳು ವರ್ಷದ ಮೇಲೆ, 2010ರಲ್ಲಿ, ಎಲ್ಲರೂ ನಿರ್ದೋಷಿಗಳೆಂದು ತೀರ್ಪಾಯಿತು. ಆದರೆ ಓದುಗರು ಏಳು ವರ್ಷ ಕಾಯಲಿಲ್ಲ. ಕೈಯಿಂದ ದುಡ್ಡು ಹಾಕಿ, ಷೇರು ಕೊಂಡು, ಅದೇ 2003ರ ಜೂನ್‌ನಲ್ಲಿ ‘ಬೆರ್ರಿಯ’ ಎಂಬ ಹೊಸ ಪತ್ರಿಕೆ ತಂದರು. ಈ ಹಾಳೆಯನ್ನು ಪುಕ್ಕಟೆ ಓದಿ ಪಕ್ಕದವನಿಗೆ ದಾಟಿಸುವ ಗೆಳೆಯರು ಸ್ವಲ್ಪ ಕೇಳಿಸಿಕೊಳ್ಳಿ.

ಫಲ ಏನು? ಸ್ವಾಯತ್ತ ಬಾಸ್ಕ್ ಪ್ರಾಂತ್ಯದಲ್ಲಿ 1991ರಲ್ಲಿ ಎಉಸ್ಕಾರ ಬಲ್ಲ ವಯಸ್ಕರು ನಾಲ್ಕರಲ್ಲಿ ಒಬ್ಬ ಇದ್ದರು. 2021ರ ಹೊತ್ತಿಗೆ ಮೂರರಲ್ಲಿ ಒಬ್ಬನಿಗಿಂತ ಹೆಚ್ಚು. ಸಾಯುತ್ತದೆ ಎಂದುಕೊಂಡಿದ್ದ ನುಡಿ ಬೆಳೆಯಿತು. ಇಷ್ಟು ಹೇಳಿ ಚಪ್ಪಾಳೆ ಗಿಟ್ಟಿಸಬಹುದು. ಆದರೆ ಅವರು ಇನ್ನೊಂದು ಲೆಕ್ಕವನ್ನೂ ಇಟ್ಟಿದ್ದಾರೆ. 1989ರಿಂದ ಕೆಲವು ವರ್ಷಕ್ಕೊಮ್ಮೆ ಎಣಿಸುವವರು ಬೀದಿಗೆ ಹೋಗುತ್ತಾರೆ. ಯಾರನ್ನೂ ‘ನಿಮಗೆ ಯಾವ ಭಾಷೆ ಬರುತ್ತದೆ’ ಎಂದು ಕೇಳುವುದಿಲ್ಲ. ಕೇಳಿದರೆ ಅಭಿಮಾನದಿಂದ ಸುಳ್ಳು ಹೇಳುತ್ತಾರೆ, ನಮ್ಮವರ ಹಾಗೇ. ಸುಮ್ಮನೆ ನಡೆಯುತ್ತಾ, ಅಕ್ಕಪಕ್ಕದವರು ಯಾವ ನುಡಿಯಲ್ಲಿ ಮಾತಾಡುತ್ತಿದ್ದಾರೆ ಎಂದು ಕಿವಿಗೊಟ್ಟು ಗುರುತು ಹಾಕಿಕೊಳ್ಳುತ್ತಾರೆ. 2021ರ ಎಣಿಕೆಯಲ್ಲಿ ಇಡೀ ಬಾಸ್ಕ್ ನಾಡಿನ ಬೀದಿಗಳಲ್ಲಿ ಕೇಳಿಬಂದ ಎಉಸ್ಕಾರ ನೂರಕ್ಕೆ ಹದಿಮೂರರಷ್ಟೂ ಇರಲಿಲ್ಲ. ಕಲಿತವರು ಹೆಚ್ಚಿದರು, ಆಡುವವರು ಅಷ್ಟಾಗಿ ಹೆಚ್ಚಲಿಲ್ಲ. ಈ ಅಂಕಿಯನ್ನು ಅವರು ಮುಚ್ಚಿಡಲಿಲ್ಲ, ತಾವೇ ಅಚ್ಚು ಹಾಕಿ ಹಂಚಿದರು.

ಮೊದಲೇ ಹೇಳಿದೆ, ಡಿಫೆಂಡರ್ ಓಡುವ ಮೊದಲು ಎಣಿಸುತ್ತಾನೆ ಎಂದು. ಬೆಂಗಳೂರಿನಲ್ಲಿ ಕನ್ನಡ ಸಾಯುತ್ತಿದೆ ಎಂದು ಕೂಗುವವರಿದ್ದಾರೆ, ಏನೂ ಆಗಿಲ್ಲ ಎನ್ನುವವರಿದ್ದಾರೆ. ಇಬ್ಬರ ಕೈಯಲ್ಲೂ ಬೀದಿಯ ಲೆಕ್ಕ ಇಲ್ಲ. ಹೊರಗೆ ಬಾಗಿಲ ಬಳಿ ಒಂದು ನೋಟ್‌ಬುಕ್ ಇಟ್ಟಿದ್ದೇವೆ. ಇಬ್ಬಿಬ್ಬರ ಜೋಡಿ, ಎರಡು ಗಂಟೆ, ಒಂದು ಪೆನ್ಸಿಲು. ಮೆಜೆಸ್ಟಿಕ್, ಜಯನಗರ ನಾಲ್ಕನೇ ಬ್ಲಾಕ್, ಮಲ್ಲೇಶ್ವರ, ಶಿವಾಜಿನಗರ, ಕೋರಮಂಗಲ, ವೈಟ್‌ಫೀಲ್ಡ್. ಯಾರನ್ನೂ ತಡೆಯಬಾರದು, ಯಾರನ್ನೂ ಪ್ರಶ್ನೆ ಕೇಳಬಾರದು, ಹೆಸರು ಬರೆದುಕೊಳ್ಳಬಾರದು. ಕೇಳಿದ ನುಡಿ ಯಾವುದು, ಆಡಿದವರು ಮಕ್ಕಳೋ ಯುವಕರೋ ಹಿರಿಯರೋ, ಅಷ್ಟೇ ಗುರುತು. ಯಾವ ಬಣದವರಾದರೂ ಬನ್ನಿ, ಜೋಡಿ ಮಾತ್ರ ಬೇರೆ ಬೇರೆ ಬಣದವರದ್ದಾಗಿರಬೇಕು. ಎಷ್ಟೇ ಬರಲಿ, ಬಂದ 숫ಅಂಕಿಯನ್ನು ಇದೇ ಹಾಳೆಯಲ್ಲಿ ಇದ್ದ ಹಾಗೇ ಅಚ್ಚು ಹಾಕುತ್ತೇವೆ.